ಜೀಬ್ರಾ ಮೀನಿನಲ್ಲಿ ಗಂಡು ಯಾವುದು, ಹೆಣ್ಣು ಯಾವುದು: ನಾನು ಕೈಸುಟ್ಟುಕೊಂಡು ಕಲಿತಿದ್ದು

ಮರಿ ಮಾಡಿಸಲೆಂದು ಮೊದಲ ಸಲ ತಂದ 20 ಜೀಬ್ರಾ ಮೀನಿನಲ್ಲಿ 12 ಹೆಣ್ಣು ಅಂತ ನಾನೇ ಆರಿಸಿದ್ದೆ. ಹೊಟ್ಟೆ ದಪ್ಪ ಇದ್ದರೆ ಹೆಣ್ಣು, ಸಣಕಲಾಗಿದ್ದರೆ ಗಂಡು. ಎಲ್ಲರೂ ಹೇಳುವುದು ಇದನ್ನೇ ಅಲ್ವಾ? ತೊಟ್ಟಿ, ಹೀಟರ್, ತಳಕ್ಕೆ ಗೋಲಿ, ಮೀನಿಗೆ ಹಾಕುವ ಆರ್ಟೀಮಿಯಾ ಅನ್ನುವ ಪುಟ್ಟ ಸಿಗಡಿ ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ ಖರ್ಚಾಯಿತು. ಬೆಳಿಗ್ಗೆ ಲೈಟ್ ಹಾಕಿ ಮೊಟ್ಟೆಗೆ ಕಾದಿದ್ದೇ ಬಂತು. ಕೊನೆಗೆ ಒಂದೊಂದನ್ನೇ ಬೇರೆ ಮಾಡಿ, ಜೋಡಿ ಬದಲಿಸುತ್ತಾ ನೋಡಿದೆ. ಮೊಟ್ಟೆ ಇಟ್ಟಿದ್ದು 4 ಮಾತ್ರ. ಉಳಿದ ನನ್ನ 'ಹೆಣ್ಣು'ಗಳು ಅಂಗಡಿಯಲ್ಲಿ ಚೆನ್ನಾಗಿ ತಿಂದುಂಡ ಗಂಡುಗಳು!

ಆಮೇಲೆ ಒಂದು ದಿನ ಊಟ ಹಾಕದೆ ನೋಡುವುದನ್ನು ರೂಢಿ ಮಾಡಿಕೊಂಡೆ. ಉಪವಾಸದ ಮೇಲೂ ಹೊಟ್ಟೆ ಇಳಿಯದಿದ್ದರೆ ಹೆಣ್ಣು. ಇದು ಪರವಾಗಿಲ್ಲ, ಆದರೆ ಆಗಷ್ಟೇ ಮೊಟ್ಟೆ ಇಟ್ಟ ಹೆಣ್ಣು ಗಂಡಿನ ಹಾಗೇ ಕಾಣುತ್ತದೆ. ಬಣ್ಣದ ಮೇಲೆ ಹೋದೆ. ಗಂಡಿಗೆ ನೀಲಿ ಪಟ್ಟೆಗಳ ನಡುವೆ ಚಿನ್ನದ ಛಾಯೆ, ಬಾಲದ ಹತ್ತಿರ ಹೊಟ್ಟೆಯ ಕೆಳಗಿರುವ ರೆಕ್ಕೆಯಲ್ಲಿ ಹಳದಿ ಜಾಸ್ತಿ. ಹೆಣ್ಣಿಗೆ ಅಲ್ಲೆಲ್ಲ ಬೆಳ್ಳಿ. ಆದರೆ ನನ್ನ ತೊಟ್ಟಿಯ ನೀಲಿ ಎಲ್‌ಇಡಿ ಕೆಳಗೆ ಎಲ್ಲವೂ ಬೆಳ್ಳಿಯೇ! ಬಿಳಿ ಬೇಸನ್ನಿಗೆ ಹಾಕಿ ಬಿಸಿಲಿಗೆ ಹಿಡಿದ ಮೇಲೆ ವ್ಯತ್ಯಾಸ ಕಂಡಿತು. ಪಟ್ಟೆ ಮಸುಕಾಗಿರುವ ಗೋಲ್ಡನ್ ತಳಿಗೆ ಮಾತ್ರ ಈ ಆಟ ನಡೆಯುವುದಿಲ್ಲ.

ನನಗೆ ಕೈ ಹಿಡಿದದ್ದು ಕಿವಿರಿನ ಹಿಂದಿನ ಜೋಡಿ ರೆಕ್ಕೆ. ಬೆಳೆದ ಗಂಡಿಗೆ ಅದರ ಮೇಲ್ಭಾಗದಲ್ಲಿ ಸಣ್ಣ ಮುಳ್ಳಿನಂಥ ಗುಳ್ಳೆಗಳ ಸಾಲು ಇರುತ್ತದೆ. ಅಕ್ಕಸಾಲಿಗರು ಬಳಸುವ 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಚಿಕ್ಕಪೇಟೆಯಲ್ಲಿ ಸುಮಾರು 200 ರೂಪಾಯಿಗೆ ತಂದೆ. ಈಗ ಅದೂ ಬೇಡ. ಕೈ ಒದ್ದೆ ಮಾಡಿಕೊಂಡು ಬೆರಳ ತುದಿಯಲ್ಲಿ ರೆಕ್ಕೆಯನ್ನು ಮೆಲ್ಲಗೆ ಸವರಿದರೆ ಸಾಕು. ಗಂಡಿನದು ಸಣ್ಣ ಕಾಳಿನ ಸ್ಯಾಂಡ್‌ಪೇಪರ್ ಥರ ಗರಗರ ಅನ್ನುತ್ತದೆ, ಹೆಣ್ಣಿನದು ಜಾರುತ್ತದೆ. ಮೂರು ತಿಂಗಳು ತುಂಬದ ಮರಿಗಳ ಮೇಲೆ ಇದನ್ನು ಪ್ರಯತ್ನಿಸಬೇಡಿ, ಸುಮ್ನೆ ಮೀನಿಗೆ ಹಿಂಸೆ. ಕೈಯಲ್ಲಿ ಮೀನು ಒದ್ದಾಡದಂತೆ ಹಿಡಿಯಲು ನನ್ನದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ.

"ಮುಟ್ಟಿ ನೋಡೋದಾ? ಅರ್ಧ ಸತ್ತು ಹೋಗ್ತಾವೆ ಬಿಡಿ" ಅಂತ ನಮ್ಮಲ್ಲಿ ಮೀನು ಸಾಕುವ ಹಿರಿಯರೊಬ್ಬರು ನಕ್ಕಿದ್ದರು. ಶುರುವಿನಲ್ಲಿ ಎರಡು ಸತ್ತವು ನಿಜ, ಒಣಗೈಯಲ್ಲಿ ಹಿಡಿದ ತಪ್ಪು. ಆಮೇಲೆ 30ರಲ್ಲಿ 15 ಹೆಣ್ಣು ಅಂತ ಆರಿಸಿಟ್ಟೆ. ಅವುಗಳಲ್ಲಿ 14 ಮೊಟ್ಟೆ ಇಟ್ಟವು. ಇನ್ನೊಂದು ಏನು ಅಂತ ನನಗೆ ಇವತ್ತಿಗೂ ಅನುಮಾನ.

ಇದರ ನಡುವೆ ಒಂದೇ ತಾಯಿಯ ಮರಿಗಳನ್ನು ಎರಡು ಟಬ್ಬಿಗೆ ಹಾಕಿ ನೋಡಿದೆ. ಒಂದರಲ್ಲಿ ಕಿಕ್ಕಿರಿದು ತುಂಬಿದೆ, ಇನ್ನೊಂದರಲ್ಲಿ ಸಡಿಲವಾಗಿ ಬಿಟ್ಟೆ. ಕಿಕ್ಕಿರಿದ ಟಬ್ಬಿನಲ್ಲಿ ಗಂಡು ಜಾಸ್ತಿ ಬಂದವು, ಮುಕ್ಕಾಲು ಪಾಲಿನಷ್ಟು. ಜೀಬ್ರಾ ಮೀನಿನಲ್ಲಿ ಲಿಂಗ ಹುಟ್ಟಿನಿಂದಲೇ ಪಕ್ಕಾ ಆಗಿರುವುದಿಲ್ಲ, ಬೆಳೆಯುವ ಜಾಗವೂ ಪ್ರಭಾವ ಬೀರುತ್ತದೆ. ಜಾಗ ಉಳಿಸಲು ಹೋಗಿ ನಾನೇ ಗಂಡುಗಳನ್ನು ತಯಾರು ಮಾಡುತ್ತಿದ್ದೆ! ಈಗ ಟಬ್ಬಿಗೆ ಮರಿ ಕಡಿಮೆ, ಹೆಣ್ಣು ಜಾಸ್ತಿ.

ಅಂದು ನಕ್ಕ ಹಿರಿಯರು ಹೋದ ತಿಂಗಳು ಒಂದು ಪ್ಲಾಸ್ಟಿಕ್ ಚೀಲದ ತುಂಬ ಮೀನು ಕಳಿಸಿದರು, ಜೋಡಿ ಮಾಡಿಕೊಡು ಅಂತ. ಮಾಡಿಕೊಟ್ಟೆ. ಜೋಡಿಗೆ ಎರಡು ರೂಪಾಯಿಯಂತೆ ತೆಗೆದುಕೊಂಡೆ.