ಕಲಬುರಗಿ ಬಿಸಿಲಿಗೆ ಒಗ್ಗಿದ ಕುಂಡದ ಹುಲ್ಲು

ಹುಲ್ಲನ್ನು ದುಡ್ಡು ಕೊಟ್ಟು ತಂದು ಕುಂಡದಲ್ಲಿ ಹಚ್ಚುತ್ತೇನೆ ಎಂದರೆ ನಮ್ಮ ಕಡೆ ಜನ ನಿಂತು ನೋಡುತ್ತಾರೆ. ಎದುರು ಮನೆಯ ಅಜ್ಜಿ ಕೇಳಿಯೇ ಬಿಟ್ಟರು: "ಯವ್ವಾ, ಹೊಲದಾಗ ಕಸ ಅಂತ ಕಿತ್ತು ಒಗಿತೀವಿ, ನೀ ಅದನ್ನ ಕುಂಡದಾಗ ಹಚ್ಚೀದಿ?" ಅವರಿಗೆ ಅಂದು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಗುಲಾಬಿಯೂ ದಾಸವಾಳವೂ ಏಪ್ರಿಲ್‌ನಲ್ಲಿ ನೆರಳು ಬಲೆ ಬೇಡುತ್ತವೆ. ಸರಿಯಾದ ಹುಲ್ಲು ಅದೇ ಹೊತ್ತಿಗೆ ಹೊಸ ಗರಿ ಬಿಡುತ್ತದೆ.

ನಮ್ಮ ಮನೆ ಮುಂದೆ ಗೇಟಿನಿಂದ ಮೆಟ್ಟಿಲವರೆಗೆ ಒಂದು ಸಣ್ಣ ಪಟ್ಟಿಯಷ್ಟು ಜಾಗ, ಮ್ಯಾಲೆ ಮಾಳಿಗೆ. ಎರಡಕ್ಕೂ ಪರ್ಸಿ ಕಲ್ಲು ಹಾಸಿದೆ. ಮುಖ ಪಡುವಣಕ್ಕೆ. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ಆ ಕಲ್ಲಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ, ರಾತ್ರಿಯಾದರೂ ಅದರ ಕಾವು ಇಳಿಯುವುದಿಲ್ಲ. ಇಂಥ ಜಾಗಕ್ಕೆ ಗಿಡ ಆರಿಸುವಾಗ ಚಿತ್ರ ನೋಡಿ ಮರುಳಾಗಬಾರದು, ಅದರ ಹುಟ್ಟೂರು ಯಾವುದೆಂದು ಕೇಳಬೇಕು.

ಹುಲ್ಲುಗಳಲ್ಲಿ ಎರಡು ಬಗೆ. ಗೋಧಿಯಂತೆ ತಂಪಿನಲ್ಲಿ ಹಿಗ್ಗುವವು ಒಂದು. ಜೋಳ, ಸಜ್ಜೆ, ಕಬ್ಬಿನಂತೆ ಬಿಸಿಲು ಏರಿದಷ್ಟೂ ಬೆಳೆಯುವವು ಇನ್ನೊಂದು. ಎರಡನೆಯವು ಸೂರ್ಯನ ಬೆಳಕನ್ನು ಬಳಸಿ ಆಹಾರ ಮಾಡಿಕೊಳ್ಳುವ ಬಗೆಯೇ ಬೇರೆ. ಇದಕ್ಕೆ ವಿಜ್ಞಾನದಲ್ಲಿ ಸಿ4 ಎನ್ನುತ್ತಾರೆ. ಬಿಸಿಲು ಹೆಚ್ಚಿದ್ದಾಗ ಕಡಿಮೆ ನೀರಿನಲ್ಲೇ ಕೆಲಸ ನಡೆಸುವ ಶಕ್ತಿ ಅವಕ್ಕಿದೆ. ಎಲ್ಲರೂ ಚಿತ್ರದಲ್ಲಿ ನೋಡಿ ಆಸೆಪಡುವ ನೀಲಿ ಫೆಸ್ಕ್ಯೂ ಹುಲ್ಲು ದಕ್ಷಿಣ ಯುರೋಪಿನದು, ಮೊದಲ ಬಗೆಯದು. ಚೆಂದವೇನೋ ಹೌದು. ಆದರೆ ನಮ್ಮ ಬೇಸಿಗೆಗೆ ಅದನ್ನು ಒಡ್ಡುವುದು ನನಗೆ ಸರಿ ಕಾಣುವುದಿಲ್ಲ, ಹಾಗಾಗಿ ತರುವುದಿಲ್ಲ.

ನನ್ನ ಅಂಗಳದ ಯಜಮಾನಿ ಕೆನ್ನೇರಳೆ ಫೌಂಟನ್ ಹುಲ್ಲು. ಇದು ನಮ್ಮ ಸಜ್ಜೆಯ ಹತ್ತಿರದ ಬಂಧು. ಎರಡನ್ನೂ ಬಹುಕಾಲ ಪೆನ್ನಿಸೆಟಮ್ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. ಗರಿ ಕಡು ನೇರಳೆ, ತೆನೆ ನುಣುಪಾದ ಕೂದಲಿನ ಬಾಲದಂತೆ ಬಾಗುತ್ತದೆ. ಎತ್ತರ ಎರಡೂವರೆ, ಮೂರು ಅಡಿ ದಾಟುವುದು ಕಡಿಮೆ. ಸುಣ್ಣ ಬಳಿದ ಕಾಂಪೌಂಡ್ ಗೋಡೆಯ ಮುಂದೆ ಮೂರು ಕುಂಡ ಒಟ್ಟಿಗೆ ಇಟ್ಟಿದ್ದೇನೆ. ಇಳಿಹೊತ್ತಿನ ಬಿಸಿಲು ಹಿಂದಿನಿಂದ ಬಿದ್ದಾಗ ತೆನೆಗಳ ಅಂಚು ಹೊಳೆಯುತ್ತದೆ. ಆಷಾಢದ ಗಾಳಿಗೆ ಬಾಗಿ ಮತ್ತೆ ಎದ್ದು ನಿಲ್ಲುತ್ತದೆ. ಹಗುರ ಪ್ಲಾಸ್ಟಿಕ್ ಕುಂಡವಾದರೆ ಮಾತ್ರ ಕುಂಡವೇ ಉರುಳುತ್ತದೆ, ಆದ್ದರಿಂದ ಮಣ್ಣಿನದೋ ಸಿಮೆಂಟಿನದೋ ಇರಲಿ. ಬಾಯಿ ಹನ್ನೆರಡು ಇಂಚು ಇದ್ದರೆ ಒಂದು ಬುಡಕ್ಕೆ ಸಾಕು.

ಇಲ್ಲೊಂದು ಎಚ್ಚರಿಕೆ. ಇದೇ ಹುಲ್ಲಿನ ಹಸಿರು ಬಗೆ ಬೀಜದಿಂದ ಹಬ್ಬುತ್ತದೆ. ಹವಾಯಿ ದ್ವೀಪಗಳಲ್ಲಿ ಅದು ಕಾಡು ಹಿಡಿದು, ಬೆಂಕಿ ಹರಡುವ ಪೀಡೆಯಾಗಿದೆ. ನಮ್ಮ ಸುತ್ತಲಿನ ಹೊಲಗಳಿಗೆ ಗಾಳಿಯಲ್ಲಿ ಬೀಜ ತೂರಿಹೋಗುವಂಥ ಗಿಡವನ್ನು ನಾವೇ ಸಾಕಬಾರದು. ನೇರಳೆ ಬಗೆ ಬೀಜ ಕಟ್ಟುವುದು ಬಲು ಅಪರೂಪ, ಬುಡ ಒಡೆದೇ ಹೆಚ್ಚಿಸಬೇಕು. ಅದಕ್ಕೇ ನಾನು ಅದೊಂದನ್ನೇ ಇಟ್ಟುಕೊಂಡಿದ್ದೇನೆ.

ಮಣ್ಣಿನ ವಿಷಯಕ್ಕೆ ಬಂದರೆ, ನಮ್ಮ ಕರಿ ಎರೆ ಮಣ್ಣು ಹೊಲಕ್ಕೆ ಹೊನ್ನು, ಕುಂಡಕ್ಕೆ ಒಂದೇ ಹಾಕಿದರೆ ಆಗದು. ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕುಂಡದ ಅಂಚು ಬಿಡುತ್ತದೆ. ಆಮೇಲೆ ಹಾಕಿದ ನೀರೆಲ್ಲ ಆ ಸಂದಿಯಲ್ಲಿ ಇಳಿದು ಕೆಳಗೆ ಹೋಗುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಬೀದರ್ ಕಡೆ ಕೆಂಪು ಮಣ್ಣಿದೆ. ಅಲ್ಲಿಂದ ಬರುವ ನೆಂಟರ ಕೈಯಲ್ಲಿ ಒಂದು ಚೀಲ ತರಿಸುತ್ತೇನೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಉಸುಕು, ಒಂದು ಪಾಲು ಹಳೆಯ ತಿಪ್ಪೆಗೊಬ್ಬರ. ಎರೆ ಮಣ್ಣು ಹಾಕಲೇಬೇಕೆಂದರೆ ಒಂದು ಹಿಡಿ ಸಾಕು, ತೇವ ಹಿಡಿಯಲು. ತಳದ ತೂತಿನ ಮೇಲೆ ಒಂದು ಹೆಂಚಿನ ಚೂರು. ಖಡಿ ಕಲ್ಲಿನ ಪದರು ಹಾಕುವ ರೂಢಿ ಇದೆ, ಅದರಿಂದ ನೀರು ಬೇಗ ಬಸಿಯುವುದಿಲ್ಲ, ಬೇರಿಗೆ ಸಿಗುವ ಜಾಗ ಮಾತ್ರ ಕಡಿಮೆಯಾಗುತ್ತದೆ.

ಗೊಬ್ಬರ ಹೆಚ್ಚು ಕೊಡಬೇಡಿ. ಕೊಬ್ಬಿದ ಹುಲ್ಲು ಗರಿ ಮೆತ್ತಗಾಗಿ ನಾಲ್ಕೂ ಕಡೆ ಬಿದ್ದುಬಿಡುತ್ತದೆ, ಬಣ್ಣವೂ ಮಂಕಾಗುತ್ತದೆ. ಮಳೆಗಾಲದ ಮೊದಲಿಗೆ ಎರಡು ಹಿಡಿ ಎರೆಗೊಬ್ಬರ ಹಾಕಿದರೆ ನನಗೆ ವರ್ಷಕ್ಕೆ ಆಗುತ್ತದೆ.

ನೀರು ನಮ್ಮ ಊರಿನ ಕಷ್ಟ. ಬೋರಿನ ನೀರು ಗಡಸು, ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಗರಿಗಳ ತುದಿ ಸುಡುತ್ತದೆ. ದಿನಾ ಒಂದು ತಂಬಿಗೆ ಚಿಮುಕಿಸುವುದಕ್ಕಿಂತ ತಳದಿಂದ ಹರಿಯುವಷ್ಟು ಹಾಕಿ, ಮೇಲಿನ ಮಣ್ಣು ಒಣಗಿದ ಮೇಲೆ ಮತ್ತೆ ಹಾಕುವುದು ಮೇಲು, ಉಪ್ಪು ತೊಳೆದುಹೋಗುತ್ತದೆ. ಕಡು ಬೇಸಿಗೆಯಲ್ಲಿ ಮಣ್ಣಿನ ಕುಂಡಕ್ಕೆ ಬೆಳಿಗ್ಗೆ ಒಮ್ಮೆ ಬೇಕೇ ಬೇಕು. ಮಾಳಿಗೆಯಿಂದ ಇಳಿಯುವ ಮಳೆ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಅದನ್ನೂ ಕೊಡುತ್ತೇನೆ. ಎಳೆ ಗರಿಯಲ್ಲಿ ಹಳದಿ ಗೀರು ಕಂಡರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಸುಣ್ಣದ ಅಂಶವಿರುವ ನೀರಿನಲ್ಲಿ ಮಣ್ಣಿನಲ್ಲಿರುವ ಕಬ್ಬಿಣವೂ ಬೇರಿಗೆ ಸಿಗುವುದಿಲ್ಲ. ಕುಂಡಗಳನ್ನು ಪರ್ಸಿಯ ಮೇಲೆ ನೇರ ಇಡದೆ ಎರಡು ಇಟ್ಟಿಗೆ ಮೇಲೆ ಎತ್ತಿಡಿ, ತಳದ ಕಾವು ಬೇರಿಗೆ ತಟ್ಟುವುದಿಲ್ಲ. ಮಣ್ಣಿನ ಮೇಲೆ ತೊಗರಿ ಹೊಟ್ಟು ಎರಡು ಬೆರಳು ದಪ್ಪ ಹಾಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ತೊಗರಿಗೂ ದಾಲ್ ಮಿಲ್ಲಿಗೂ ಬರವಿಲ್ಲ. ಹೊಟ್ಟು ಗಿಡದ ಬುಡಕ್ಕೆ ತಾಗದಂತೆ ನೋಡಿಕೊಳ್ಳಿ, ಇಲ್ಲವಾದರೆ ಗೆದ್ದಲು ಬರುತ್ತದೆ.

ಕತ್ತರಿಸುವುದು ಶಿವರಾತ್ರಿ ಕಳೆದ ಮೇಲೆ. ಬುಡದಿಂದ ಅಂಗೈ ಅಗಲದಷ್ಟು ಬಿಟ್ಟು ಕುಡುಗೋಲಿನಲ್ಲಿ ಒಂದೇ ಸಲಕ್ಕೆ ಕೊಯ್ಯುತ್ತೇನೆ. ಚಳಿಗಾಲದಲ್ಲಿ ಗರಿ ಒಣಗಿದ್ದರೂ ಮುಟ್ಟುವುದಿಲ್ಲ, ಆ ಒಣ ಬಣ್ಣವೂ ನೋಡಲು ಹಿತ. ಒಡೆಯುವ ಕೆಲಸ ಮಿರಗದ ಮಳೆಗೆ, ಜೂನ್ ಮೊದಲ ವಾರ ದಾಟಿ ಒಂದು ಹದ ಮಳೆ ಬಿದ್ದ ಮೇಲೆ. ಎರಡು ಮೂರು ವರ್ಷಕ್ಕೆ ಬುಡದ ನಡುಭಾಗ ಸತ್ತು ಬರಿದಾಗುತ್ತದೆ. ಕುಂಡದಿಂದ ಪೂರ್ತಿ ಎತ್ತಿ, ಹಳೆಯ ನಡುಭಾಗ ಬಿಸಾಕಿ, ಅಂಚಿನ ಎಳೆ ಭಾಗಗಳನ್ನು ಬೇರು ಸಮೇತ ಬೇರೆ ಬೇರೆ ಕುಂಡಕ್ಕೆ ಹಚ್ಚಬೇಕು. ಗರಿ ಅರ್ಧಕ್ಕೆ ಕತ್ತರಿಸಿ ಒಂದು ವಾರ ನೆರಳಲ್ಲಿಟ್ಟರೆ ಹಿಡಿಯುತ್ತದೆ. ಮನೆ ಸುತ್ತ ಬೇಕೆಂದವರಿಗೆ ಕೊಡುವುದೂ ಆಗಲೇ.

ನೆರಳಿನ ಮೂಲೆಗೆ ಮಂಡೋ ಹುಲ್ಲು ಇಟ್ಟಿದ್ದೇನೆ. ಹೆಸರಿಗೆ ಹುಲ್ಲು, ನಿಜಕ್ಕೂ ಶತಾವರಿಯ ಬಳಗ. ಅರ್ಧ ಅಡಿ ಎತ್ತರ, ಮೆಟ್ಟಿಲ ಪಕ್ಕಕ್ಕೆ ಹೇಳಿ ಮಾಡಿಸಿದ್ದು. ಅದಕ್ಕೆ ಮಳೆ ನೀರನ್ನೇ ಹಾಕುತ್ತೇನೆ. ಅಡುಗೆಮನೆ ಬಾಗಿಲಿಗೆ ನಿಂಬೆ ಹುಲ್ಲು, ಚಹಾಕ್ಕೂ ಆಯಿತು, ನೋಟಕ್ಕೂ ಆಯಿತು.

ಇನ್ನು ನನಗೆ ಬಹಳ ಖುಷಿ ಕೊಡುವುದು ಸಜ್ಜೆಯನ್ನೇ ಅಲಂಕಾರಕ್ಕೆ ಬೆಳೆಸುವುದು. ಪರ್ಪಲ್ ಮೆಜೆಸ್ಟಿ ಎಂಬ ನೇರಳೆ ಸಜ್ಜೆ ತಳಿಗೆ 2003ರಲ್ಲಿ ಆಲ್-ಅಮೆರಿಕಾ ಸೆಲೆಕ್ಷನ್ಸ್ ಎಂಬ, ಹೊಸ ತಳಿಗಳನ್ನು ಬೆಳೆಸಿ ಪರೀಕ್ಷಿಸುವ ಅಮೆರಿಕದ ಸಂಸ್ಥೆ ಚಿನ್ನದ ಪದಕ ಕೊಟ್ಟಿತು. ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುವ ನಮಗೆ ಆ ಗಿಡ ಹೊಸತೇ? ನಾನು ಕಿರಾಣಿ ಅಂಗಡಿಯ ಹಿಡಿ ಸಜ್ಜೆಯನ್ನೇ ಮಳೆಗಾಲದ ಮೊದಲಿಗೆ ಕುಂಡಕ್ಕೆ ಐದಾರು ಕಾಳಿನಂತೆ ಊರುತ್ತೇನೆ, ಪಕ್ಕದ ಕುಂಡಕ್ಕೆ ನವಣೆ. ಸಜ್ಜೆ ಎತ್ತರ ಬೆಳೆಯುತ್ತದೆ, ಗೋಡೆಯ ಕಡೆ ಇಡಿ. ನವಣೆ ಗಿಡ್ಡ, ಬಾಗಿದ ಹೊಂಬಣ್ಣದ ತೆನೆ. ತೆನೆ ಬಲಿತ ಮೇಲೆ ಗುಬ್ಬಿಗಳು ಬರುತ್ತವೆ, ಬರಲಿ. ಎದುರು ಮನೆಯ ಅಜ್ಜಿಯೂ ಈಗ ನವಣೆ ಕುಂಡ ಒಂದು ತಮ್ಮ ಕಟ್ಟೆಯ ಮೇಲೆ ಇಟ್ಟುಕೊಂಡಿದ್ದಾರೆ.

ನರ್ಸರಿಯಲ್ಲಿ ಫೌಂಟನ್ ಹುಲ್ಲು ಕೊಳ್ಳುವಾಗ ತೆನೆ ನೋಡಿ ಆರಿಸಬೇಡಿ, ಬುಡ ಬಿಡಿಸಿ ನೋಡಿ. ಒಳಗೆ ಹೊಸ ಮೊಳಕೆ ಇರಬೇಕು, ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿ ಗಟ್ಟಿಯಾಗಿರಬಾರದು. ಬೇಸಿಗೆಯಲ್ಲಿ ತಂದರೆ ಹಚ್ಚುವ ಅವಸರ ಬೇಡ, ಮಿರಗದ ತನಕ ಚೀಲದಲ್ಲೇ ಅರೆ ನೆರಳಲ್ಲಿ ಇಟ್ಟು ನೀರು ಹಾಕಿ ಕಾಪಾಡಿ.