ಟ್ಯಾಲಿ ತೆರೆಯದಿದ್ದರೆ ಮೊದಲು ಹೆಸರು ಕೇಳಿ

"ಸರ್ರ, ಟ್ಯಾಲಿ ಓಪನ್ ಆಗವಲ್ದು."

ಹುಬ್ಬಳ್ಳಿ ಅಮರಗೋಳದ ಎಪಿಎಂಸಿ ಯಾರ್ಡ್‌ನ ದಲಾಲಿ ಅಂಗಡಿಯಿಂದ ಬರಲಿ, ಗೋಕುಲ ರಸ್ತೆಯ ಫ್ಯಾಕ್ಟರಿಯಿಂದ ಬರಲಿ, ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಬಗ್ಗೆ ಫೋನಿನಲ್ಲಿ ಕೇಳುವುದು ಇದೊಂದೇ ಮಾತು. ಒಳಗೆ ಮಾತ್ರ ಐದು ಬೇರೆ ಬೇರೆ ತೊಡಕು ಇರಬಹುದು. ಲೈಸೆನ್ಸ್ ಸಿಕ್ಕಿರಲಿಕ್ಕಿಲ್ಲ. ಸರ್ವರ್ ಸಿಕ್ಕಿರಲಿಕ್ಕಿಲ್ಲ. ಸರ್ವರ್ ಸಿಕ್ಕರೂ ಅದು ಒಳಗೆ ಬಿಟ್ಟಿರಲಿಕ್ಕಿಲ್ಲ. ಒಳಗೆ ಬಿಟ್ಟರೂ ಫೈಲ್ ಬರೆಯಲು ಬಿಟ್ಟಿರಲಿಕ್ಕಿಲ್ಲ. ಅದೆಲ್ಲ ಸರಿಯಿದ್ದರೂ ಟ್ಯಾಲಿಯೇ ಆ ದಿವಾನಜಿಗೆ (ಲೆಕ್ಕ ಬರೆಯುವವರಿಗೆ) ಆ ಮೆನು ಕೊಟ್ಟಿರಲಿಕ್ಕಿಲ್ಲ. ಐದಕ್ಕೂ ಒಂದೇ ಮದ್ದು ಎಂದು ಫೋಲ್ಡರ್ ಮೇಲೆ 'ಎವ್ರಿವನ್, ಫುಲ್ ಕಂಟ್ರೋಲ್' ಹಾಕಿ ಎದ್ದು ಹೋಗುವ ರೂಢಿ ನಮ್ಮ ಕಡೆ ಬಹಳ. ಅದರಿಂದ ಕೆಲವು ಸಲ ಟ್ಯಾಲಿ ತೆರೆಯುತ್ತದೆ, ಕಾರಣ ಮಾತ್ರ ಗೊತ್ತಾಗುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಸಾಮಾನ್ಯ ಜೋಡಣೆಯ ಬಗ್ಗೆ: ವಿಂಡೋಸ್ 10 ಅಥವಾ 11 ಪ್ರೊ ಇರುವ ಒಂದು ಕಂಪ್ಯೂಟರ್ 'ಸರ್ವರ್', ಅದಕ್ಕೆ ಸ್ವಿಚ್ ಮೂಲಕ ಮೂರರಿಂದ ಎಂಟು ಕ್ಲೈಂಟ್‌ಗಳು, ಡೊಮೇನ್ (ಎಲ್ಲರ ಖಾತೆ ಒಂದೇ ಕಡೆ ಇರುವ ವ್ಯವಸ್ಥೆ) ಇಲ್ಲ, ಬರೀ ವರ್ಕ್‌ಗ್ರೂಪ್, ಟ್ಯಾಲಿಪ್ರೈಮ್ ಗೋಲ್ಡ್ (ಹಲವು ಕಂಪ್ಯೂಟರಿನ ಲೈಸೆನ್ಸ್). ಪ್ರೊ ಆವೃತ್ತಿಗೆ ಒಂದೇ ಹೊತ್ತಿಗೆ 20 ಸಂಪರ್ಕಗಳ ಮಿತಿ ಇದೆ. ಅದಕ್ಕಿಂತ ದೊಡ್ಡ ಆಫೀಸಿಗೆ ವಿಂಡೋಸ್ ಸರ್ವರೇ ಬೇಕು.

ಫೋನಿನಲ್ಲೇ ಮೂರು ಪ್ರಶ್ನೆ ಕೇಳುತ್ತೇನೆ. ಸರ್ವರ್ ಮುಂದೆ ಕೂತರೆ ತೆರೆಯುತ್ತದೆಯೇ? ಎಲ್ಲ ಕ್ಲೈಂಟ್‌ಗಳಲ್ಲೂ ಹೀಗೆಯೇ, ಒಂದರಲ್ಲಿ ಮಾತ್ರವೇ? ಅದೇ ಕ್ಲೈಂಟಿನಲ್ಲಿ ಬೇರೆಯವರು ಲಾಗಿನ್ ಆದರೆ? ಸರ್ವರಿನಲ್ಲೇ ತೆರೆಯದಿದ್ದರೆ ಫೋಲ್ಡರಿನ ಹಕ್ಕು, ಡಿಸ್ಕ್ ಅಥವಾ ಆ್ಯಂಟಿವೈರಸ್ ನೋಡಬೇಕು. ಎಲ್ಲ ಕ್ಲೈಂಟ್‌ಗಳೂ ಒಟ್ಟಿಗೆ ಕೈಕೊಟ್ಟರೆ ಅದು ಹೆಚ್ಚಾಗಿ ಪರ್ಮಿಶನ್ ಅಲ್ಲ, ನೆಟ್‌ವರ್ಕ್. ಒಂದೇ ಕ್ಲೈಂಟ್ ಆದರೆ ಸರ್ವರ್ ಅದನ್ನು ಯಾವ ಹೆಸರಿನಲ್ಲಿ ಗುರುತಿಸುತ್ತಿದೆ ಎಂಬುದೇ ಪ್ರಶ್ನೆ. ಕಂಪನಿ ತೆರೆದ ಮೇಲೆ ಒಬ್ಬರಿಗೆ ಮಾತ್ರ ಏನೋ ಆಗುತ್ತಿಲ್ಲ ಎಂದರೆ ಟ್ಯಾಲಿಯ ಒಳಗಿನ ರೋಲ್ (ಯಾರಿಗೆ ಏನು ಮಾಡಲು ಬಿಡಬೇಕು ಎಂಬ ಪಟ್ಟಿ) ನೋಡಬೇಕು.

ಲೈಸೆನ್ಸಿನ ವಿಷಯ ಬೇಗ ಮುಗಿಸಿಬಿಡೋಣ. ತೆರೆ ಮೇಲೆ ಎಜುಕೇಶನಲ್ ಮೋಡ್ (ಲೈಸೆನ್ಸ್ ಸಿಗದಾಗಿನ ಕಲಿಕೆಯ ಮೋಡ್) ಎಂದಿದ್ದರೆ ಫೋಲ್ಡರ್ ಮುಟ್ಟಲೇಬೇಡಿ. ಆ ಮೋಡ್‌ನಲ್ಲಿ ತಿಂಗಳ 1, 2ರಂಥ ಕೆಲವೇ ತಾರೀಖಿಗೆ ವೋಚರ್ ಹಾಕಲು ಬರುತ್ತದೆ. "ನಿನ್ನೆ ತಾರೀಖಿನ ಎಂಟ್ರಿ ತಗೋವಲ್ದು" ಎಂಬ ದೂರಿನ ಮೂಲ ಬಹಳ ಸಲ ಇದೇ. ಲೈಸೆನ್ಸಿಗಾಗಿ ಕ್ಲೈಂಟ್ ಸರ್ವರಿನ ಟ್ಯಾಲಿ ಗೇಟ್‌ವೇಯನ್ನು ಪೋರ್ಟ್ 9999ರಲ್ಲಿ ಹುಡುಕುತ್ತದೆ. ಸರ್ವರಿನಲ್ಲಿ ಆ ಸರ್ವಿಸ್ ನಡೆಯುತ್ತಿದೆಯೇ, ಫೈರ್‌ವಾಲ್ ಅದನ್ನು ಬಿಡುತ್ತಿದೆಯೇ ನೋಡಿದರೆ ಸಾಕು. ಸಿಲ್ವರ್ ಲೈಸೆನ್ಸ್ ಒಂದೇ ಕಂಪ್ಯೂಟರಿಗೆ. ಅದನ್ನು ಇಟ್ಟುಕೊಂಡು ಎರಡನೆಯ ಕಂಪ್ಯೂಟರಿನ ಪರ್ಮಿಶನ್ ಹುಡುಕುವುದು ವ್ಯರ್ಥ.

ಇನ್ನು ಹೆಸರಿನ ವಿಷಯ. ಪರ್ಮಿಶನ್ ತೊಡಕಿನ ಅರ್ಧಕ್ಕಿಂತ ಹೆಚ್ಚು ಕೆಲಸ ಇಲ್ಲೇ ಇರುತ್ತದೆ.

ವರ್ಕ್‌ಗ್ರೂಪಿನಲ್ಲಿ ಪ್ರತಿ ಕಂಪ್ಯೂಟರಿಗೂ ತನ್ನದೇ ಬಳಕೆದಾರರ ಪಟ್ಟಿ. ಕ್ಲೈಂಟ್ ಸರ್ವರಿನ ಶೇರ್ (ಹಂಚಿಕೊಂಡ ಫೋಲ್ಡರ್) ಕೇಳಿದಾಗ ತನ್ನಲ್ಲಿ ಲಾಗಿನ್ ಆದವರ ಹೆಸರು, ಪಾಸ್‌ವರ್ಡ್ ಮುಂದಿಟ್ಟು ನೋಡುತ್ತದೆ. ಸರ್ವರಿನಲ್ಲೂ ಅದೇ ಹೆಸರು, ಅದೇ ಪಾಸ್‌ವರ್ಡ್ ಇದ್ದರೆ ಸದ್ದಿಲ್ಲದೆ ಒಳಗೆ ಬಿಡುತ್ತದೆ, ಇಲ್ಲದಿದ್ದರೆ ಪಾಸ್‌ವರ್ಡ್ ಕೇಳುತ್ತದೆ. ಹೊಸ ಲ್ಯಾಪ್‌ಟಾಪ್ ತಂದು ಮೈಕ್ರೋಸಾಫ್ಟ್ ಖಾತೆಯಲ್ಲಿ ಪಿನ್ ಹಾಕಿ ಲಾಗಿನ್ ಆಗುವವರಿಗೆ ಇಲ್ಲಿ ಗಂಟು ಬೀಳುತ್ತದೆ. ಆ ನಾಲ್ಕಂಕಿಯ ಪಿನ್ ಆ ಲ್ಯಾಪ್‌ಟಾಪಿಗಷ್ಟೇ, ಸರ್ವರಿಗೆ ಅದರ ಗಂಧವೇ ಇಲ್ಲ. ಇನ್ನೊಂದು, ಪಾಸ್‌ವರ್ಡ್ ಇಲ್ಲದ ಖಾತೆ. ಖಾಲಿ ಪಾಸ್‌ವರ್ಡಿನ ಖಾತೆಯಿಂದ ನೆಟ್‌ವರ್ಕ್ ಮೂಲಕ ಒಳಬರಲು ವಿಂಡೋಸ್ ಬಿಡುವುದೇ ಇಲ್ಲ. "ಪಾಸ್‌ವರ್ಡೇ ಇಲ್ಲ, ಆದರೂ ಕೇಳ್ತದ" ಎಂದರೆ ಇದೇ ಕಾರಣ.

ಹಾಗಾಗಿ ನಾನು ಸರ್ವರಿನಲ್ಲಿ ಒಬ್ಬರಿಗೆ ಒಂದರಂತೆ ಲೋಕಲ್ ಖಾತೆ ಮಾಡುತ್ತೇನೆ. ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು ಲೋಕಲ್ ಯೂಸರ್ಸ್ ಅಂಡ್ ಗ್ರೂಪ್ಸ್‌ಗೆ ಹೋಗಿ ಖಾತೆ ಸೇರಿಸುವಾಗ ಎರಡು ಟಿಕ್‌ಗಳನ್ನು ಗಮನಿಸಬೇಕು. 'ಮುಂದಿನ ಲಾಗಿನ್‌ನಲ್ಲಿ ಪಾಸ್‌ವರ್ಡ್ ಬದಲಿಸಬೇಕು' ಎಂಬ ಟಿಕ್ ಮೊದಲೇ ಬಿದ್ದಿರುತ್ತದೆ. ಅದನ್ನು ತೆಗೆಯದಿದ್ದರೆ ಟ್ಯಾಲಿ ಶೇರಿಗೆ ಪ್ರವೇಶ ಇಲ್ಲ. 'ಪಾಸ್‌ವರ್ಡ್ ನೆವರ್ ಎಕ್ಸ್‌ಪೈರ್ಸ್' ಹಾಕದಿದ್ದರೆ ವಿಂಡೋಸಿನ ಮೂಲ ಪಾಲಿಸಿಯಂತೆ 42 ದಿನಕ್ಕೆ ಪಾಸ್‌ವರ್ಡ್ ಅವಧಿ ಮುಗಿಯುತ್ತದೆ. ಎಲ್ಲ ಸರಿಯಾಗಿ ನಡೆದು ಆರು ವಾರದ ನಂತರ ಏಕಾಏಕಿ ನಿಂತರೆ ಮೊದಲು ಇದನ್ನೇ ನೋಡಿ. ಎಂದೂ ಮುಗಿಯದ ಪಾಸ್‌ವರ್ಡ್ ಇಟ್ಟ ಮೇಲೆ, ಕೆಲಸ ಬಿಟ್ಟು ಹೋದವರ ಖಾತೆಯನ್ನು ಅದೇ ದಿನ ಡಿಸೇಬಲ್ ಮಾಡುವ ಹೊಣೆ ಮಾಲಕರದು. ವಿಂಡೋಸ್ ಹೋಮ್ ಆವೃತ್ತಿಯಲ್ಲಿ ಈ ಲೋಕಲ್ ಯೂಸರ್ಸ್ ಪುಟವೇ ಇಲ್ಲ. ಸರ್ವರಿಗೆ ಹೋಮ್ ಬೇಡ ಎನ್ನಲು ಅದೊಂದೇ ಸಾಕು.

ಈ ಖಾತೆಗಳನ್ನೆಲ್ಲ 'ಟ್ಯಾಲಿ ಬಳಗ' ಎಂಬಂಥ ಒಂದು ಗ್ರೂಪಿಗೆ ಸೇರಿಸಿ, ಹಕ್ಕು ಕೊಡುವಾಗ ಗ್ರೂಪಿಗೆ ಮಾತ್ರ ಕೊಡುತ್ತೇನೆ. ಕ್ಲೈಂಟಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದು ವಿಂಡೋಸ್ ಕ್ರೆಡೆನ್ಶಿಯಲ್‌ನಲ್ಲಿ ಸರ್ವರಿನ ಹೆಸರು, ಖಾತೆ, ಪಾಸ್‌ವರ್ಡ್ ತುಂಬುತ್ತೇನೆ. ಖಾತೆಯ ಹೆಸರಿನ ಮುಂದೆ ಸರ್ವರಿನ ಹೆಸರು, ನಡುವೆ ಹಿಂಗೆರೆ (\). ಇಲ್ಲಿ ಸರ್ವರನ್ನು ಹೆಸರಿನಿಂದ ಬರೆದಿದ್ದರೆ ಟ್ಯಾಲಿಯ ಡೇಟಾ ಪಾತ್‌ನಲ್ಲೂ ಅದೇ ಹೆಸರೇ ಇರಬೇಕು. ಒಂದು ಕಡೆ ಹೆಸರು, ಇನ್ನೊಂದು ಕಡೆ ಐಪಿ ಅಂಕೆ ಇದ್ದರೆ ವಿಂಡೋಸ್ ಅವೆರಡನ್ನೂ ಬೇರೆ ಬೇರೆ ಕಂಪ್ಯೂಟರ್ ಎಂದೇ ತಿಳಿಯುತ್ತದೆ. ಎರರ್ 1219 ಬಂದರೆ, ಆ ಕ್ಲೈಂಟ್ ಇದಾಗಲೇ ಬೇರೊಂದು ಹೆಸರಿನಲ್ಲಿ ಅದೇ ಸರ್ವರಿಗೆ ಸೇರಿಕೊಂಡಿದೆ ಎಂದರ್ಥ. ಪ್ರಿಂಟರ್ ಶೇರಿಗೆ ಎಂದೋ ಕೊಟ್ಟ ಹಳೆಯ ಹೆಸರು ಇದಕ್ಕೆ ಕಾರಣವಾಗಿರುತ್ತದೆ. ಹಳೆಯ ನಮೂದು ಅಳಿಸಿ, ಮ್ಯಾಪ್ ಆದ ಡ್ರೈವ್‌ಗಳನ್ನೆಲ್ಲ ಕಡಿದು, ಲಾಗಾಫ್ ಆಗಿ ಬಂದರೆ ಹೋಗುತ್ತದೆ.

ಇಷ್ಟಾದ ಮೇಲೆ ಸರ್ವರಿನಲ್ಲಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್, ಶೇರ್ಡ್ ಫೋಲ್ಡರ್ಸ್, ಸೆಷನ್ಸ್ ತೆರೆಯಿರಿ. ಯಾವ ಕಂಪ್ಯೂಟರಿನಿಂದ ಯಾರ ಹೆಸರಿನಲ್ಲಿ ಬಂದಿದ್ದಾರೆ ಎಂಬುದು ಅಲ್ಲಿ ಬರೆದಿರುತ್ತದೆ. ದಿವಾನಜಿಯ ಹೆಸರಿರಬೇಕಾದಲ್ಲಿ 'ಗೆಸ್ಟ್' ಎಂದಿದ್ದರೆ ನೀವು ಫೋಲ್ಡರಿಗೆ ಕೊಟ್ಟ ಯಾವ ಹಕ್ಕೂ ಅವರಿಗೆ ಮುಟ್ಟುವುದಿಲ್ಲ. ವಿಂಡೋಸ್ 11ರ 24ಎಚ್2 ಪ್ರೊ ಆವೃತ್ತಿಯಿಂದ ಗೆಸ್ಟ್ ಆಗಿ ಒಳಬರುವ ದಾರಿ ಮುಚ್ಚಿದೆ, ಎಸ್‌ಎಂಬಿ ಸೈನಿಂಗ್ (ಫೈಲ್ ಶೇರಿಂಗ್ ಸಂದೇಶಗಳಿಗೆ ಸಹಿ) ಕೂಡ ಕಡ್ಡಾಯ. ಇಷ್ಟು ವರ್ಷ 'ಎವ್ರಿವನ್' ಮೇಲೆ ನಡೆದ ಹಳೆಯ ಶೇರ್, ಒಂದು ಕ್ಲೈಂಟ್ ಅಪ್‌ಡೇಟ್ ಆದ ಮರುದಿನ ನಿಂತರೆ ಕಾರಣ ಇದು. ಆಗ ಗೆಸ್ಟ್ ಬಾಗಿಲನ್ನು ರಿಜಿಸ್ಟ್ರಿಯಿಂದ ಮತ್ತೆ ತೆರೆಯುವ ಬದಲು ಆ ಕ್ಲೈಂಟಿಗೊಂದು ಹೆಸರು ಕೊಡಿ. ಹತ್ತು ನಿಮಿಷದ ಕೆಲಸ.

ಹೆಸರು, ಪಾಸ್‌ವರ್ಡ್ ಸರಿಯಿದ್ದೂ ಆಗಾಗ ಬಿಡದಿದ್ದರೆ ಲಾಕೌಟ್ ನೋಡಿ. ಹೊಸದಾಗಿ ಹಾಕಿದ ವಿಂಡೋಸ್ 11ರಲ್ಲಿ (22ಎಚ್2ರಿಂದ ಈಚೆ) 10 ತಪ್ಪು ಪ್ರಯತ್ನಕ್ಕೆ ಖಾತೆ 10 ನಿಮಿಷ ಬೀಗ ಬೀಳುತ್ತದೆ. ಪಾಸ್‌ವರ್ಡ್ ಬದಲಿಸಿದ ಮೇಲೆ ಯಾವುದೋ ಮೂಲೆಯ ಕ್ಲೈಂಟ್ ಹಳೆಯದನ್ನೇ ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಅದನ್ನು ಹಿಡಿಯಲು ಲೋಕಲ್ ಸೆಕ್ಯುರಿಟಿ ಪಾಲಿಸಿಯಲ್ಲಿ ಲಾಗಾನ್ ಫೇಲ್ಯೂರ್ ಆಡಿಟ್ ಹಾಕಿ, ಈವೆಂಟ್ ವ್ಯೂವರಿನಲ್ಲಿ 4625 ಹುಡುಕಿ. ಲಾಗಾನ್ ಟೈಪ್ 3 ಎಂದರೆ ನೆಟ್‌ವರ್ಕಿನಿಂದ ಬಂದದ್ದು. ಯಾವ ಕಂಪ್ಯೂಟರ್ ಎಂಬುದೂ ಅಲ್ಲೇ ಇರುತ್ತದೆ.

ಫೋಲ್ಡರಿಗೆ ಬಾಗಿಲು ಎರಡು. ಹೊರಗಿನದು ಶೇರ್ ಪರ್ಮಿಶನ್, ಒಳಗಿನದು ಡಿಸ್ಕಿನಲ್ಲಿರುವ ಫೈಲುಗಳ ಮೇಲಿನ ಹಕ್ಕು, ಅಂದರೆ ಎನ್‌ಟಿಎಫ್‌ಎಸ್. ನೆಟ್‌ವರ್ಕಿನಿಂದ ಬಂದವರು ಎರಡನ್ನೂ ದಾಟಬೇಕು, ಎರಡರಲ್ಲಿ ಕಡಿಮೆ ಇರುವುದೇ ಅವರ ಪಾಲಿನ ಹಕ್ಕು. ಸರ್ವರ್ ಮುಂದೆಯೇ ಕೂತವರಿಗೆ ಒಳಬಾಗಿಲು ಮಾತ್ರ. ಅದಕ್ಕೇ ಸರ್ವರಿನಲ್ಲಿ ತೆರೆದು ಕ್ಲೈಂಟಿನಲ್ಲಿ ಬರೆಯಲಾಗದಿದ್ದರೆ ಮೊದಲ ಅನುಮಾನ ಶೇರ್ ಮೇಲೆ. ಹೊಸ ಶೇರಿನಲ್ಲಿ ಎವ್ರಿವನ್‌ಗೆ ರೀಡ್ ಮಾತ್ರ ಇದ್ದು, ಅದನ್ನು ಬದಲಿಸುವುದು ಮರೆತಿರುತ್ತದೆ.

ನಾನು ಡಿ ಡ್ರೈವಿನಲ್ಲಿ ಬೇರೆಯೇ ಒಂದು ಫೋಲ್ಡರ್ ಮಾಡಿ ಅದನ್ನಷ್ಟೇ ಶೇರ್ ಮಾಡುತ್ತೇನೆ, ಇಡೀ ಡ್ರೈವನ್ನಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಬೇಡವೇ ಬೇಡ. ಅಲ್ಲಿ ಒನ್‌ಡ್ರೈವ್ ಸಿಂಕ್ ಫೈಲುಗಳನ್ನು ಹಿಡಿದುಕೊಳ್ಳುತ್ತದೆ. ಡಿಫೆಂಡರಿನ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಹಾಕಿದ್ದರೆ ಅದೂ ಅಡ್ಡ ಬರುತ್ತದೆ. ಶೇರಿನಲ್ಲಿ ಎವ್ರಿವನ್ ತೆಗೆದು ಗ್ರೂಪಿಗೆ ಚೇಂಜ್, ಎನ್‌ಟಿಎಫ್‌ಎಸ್‌ನಲ್ಲಿ ಗ್ರೂಪಿಗೆ ಮಾಡಿಫೈ. ಫುಲ್ ಕಂಟ್ರೋಲ್ ಕೊಟ್ಟರೆ ದಿವಾನಜಿ ಹಕ್ಕುಗಳನ್ನೇ ತಿದ್ದಬಹುದು, ಅದು ಬೇಕಿಲ್ಲ. ರೀಡ್, ರೈಟ್ ಎರಡೇ ಕೊಟ್ಟರೂ ಸಾಲದು. ಟ್ಯಾಲಿ ಕೆಲಸದ ನಡುವೆ ತಾತ್ಕಾಲಿಕ ಫೈಲ್ ಹುಟ್ಟಿಸಿ ಅಳಿಸುತ್ತಿರುತ್ತದೆ, ಅಳಿಸುವ ಹಕ್ಕು ಬರುವುದು ಮಾಡಿಫೈ ಜೊತೆಗೇ. ಡಿನೈ ಟಿಕ್ ಮುಟ್ಟುವುದೇ ಇಲ್ಲ. ಒಬ್ಬರನ್ನು ತಡೆಯಬೇಕಿದ್ದರೆ ಗ್ರೂಪಿನಿಂದ ತೆಗೆದರಾಯಿತು. ಗ್ರೂಪ್ ಬದಲಾದ ಮೇಲೆ ಆ ವ್ಯಕ್ತಿ ಒಮ್ಮೆ ಲಾಗಾಫ್ ಆಗಿ ಬರಬೇಕು, ಇಲ್ಲದಿದ್ದರೆ ಹಳೆಯ ಹಕ್ಕಿನಲ್ಲೇ ಇರುತ್ತಾರೆ.

ಎಲ್ಲ ಕಂಪನಿ ತೆರೆದು ಒಂದು ಮಾತ್ರ ತೆರೆಯದಿದ್ದರೆ ಆ ಕಂಪನಿಯ ಅಂಕೆಯ ಫೋಲ್ಡರ್ (10000, 10001 ಹೀಗೆ) ಎಲ್ಲಿಂದ ಬಂತು ಕೇಳಿ. ಕಾಪಿ ಮಾಡಿದ ಫೈಲ್ ಹೊಸ ಜಾಗದ ಹಕ್ಕನ್ನು ಪಡೆಯುತ್ತದೆ. ಅದೇ ಡ್ರೈವಿನೊಳಗೆ ಕಟ್ ಮಾಡಿ ಪೇಸ್ಟ್ ಮಾಡಿದ್ದು ಹಳೆಯ ಜಾಗದ ಹಕ್ಕನ್ನೇ ಹೊತ್ತು ತರಬಹುದು. ಬ್ಯಾಕಪ್ ತೆಗೆದುಕೊಂಡು, ಎಲ್ಲರನ್ನೂ ಹೊರಗೆ ಕಳಿಸಿ, ಮೇಲಿನ ಫೋಲ್ಡರಿನ ಸೆಕ್ಯುರಿಟಿ, ಅಡ್ವಾನ್ಸ್ಡ್‌ನಲ್ಲಿ ಒಳಗಿನ ಎಲ್ಲದರ ಹಕ್ಕನ್ನೂ ಇದರಿಂದಲೇ ತುಂಬುವ 'ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್' ಟಿಕ್ ಹಾಕಿ ಅಪ್ಲೈ ಕೊಡಿ. ಅದು ಬಿಡದಿದ್ದರೆ ಮೊದಲು ಓನರ್ ಬದಲಿಸಿ. ಪಕ್ಕದ ಎಫೆಕ್ಟಿವ್ ಆ್ಯಕ್ಸೆಸ್ ಟ್ಯಾಬಿನಲ್ಲಿ ಒಬ್ಬೊಬ್ಬರ ಹೆಸರು ಹಾಕಿ ನೋಡಿದರೆ ಕೊನೆಗೆ ಉಳಿದ ಹಕ್ಕು ಎಷ್ಟು ಎಂದು ತಿಳಿಯುತ್ತದೆ.

ನಮ್ಮ ಕಡೆ ಒಂದೇ ಅಂಗಡಿಯಲ್ಲಿ ದಲಾಲಿ ಫರ್ಮ್, ಖರೀದಿ ಫರ್ಮ್, ಮನೆಯವರ ಲೆಕ್ಕ ಮೂರೂ ಒಂದೇ ಡೇಟಾ ಫೋಲ್ಡರಿನಲ್ಲಿ ಕೂತಿರುತ್ತವೆ. ಮನೆಯ ಲೆಕ್ಕಕ್ಕೆ ಬೇರೆ ಫೋಲ್ಡರ್, ಬೇರೆ ಶೇರ್, ಬೇರೆ ಗ್ರೂಪ್ ಮಾಡಿ. ಟ್ಯಾಲಿ ಆ ಪಾತ್‌ನಲ್ಲಿರುವ ಕಂಪನಿಗಳನ್ನಷ್ಟೇ ತೋರಿಸುತ್ತದೆ.

ತಪ್ಪು ವಿಂಡೋಸಿನದೋ ಟ್ಯಾಲಿಯದೋ ಎಂದು ತೀರ್ಮಾನಿಸಲು ನನ್ನದೊಂದು ಪರೀಕ್ಷೆ ಇದೆ. ತೊಡಕಿರುವ ಕ್ಲೈಂಟಿನಲ್ಲಿ, ತೊಡಕಿರುವವರ ಲಾಗಿನ್‌ನಲ್ಲೇ ಸರ್ವರಿನ ಡೇಟಾ ಫೋಲ್ಡರ್ ತೆರೆದು ನೋಟ್‌ಪ್ಯಾಡಿನಲ್ಲಿ ಒಂದು ಫೈಲ್ ಮಾಡಿ, ಸೇವ್ ಮಾಡಿ, ಮತ್ತೆ ತೆರೆದು ತಿದ್ದಿ, ಅಳಿಸಿ. ನಾಲ್ಕೂ ಆದರೆ ವಿಂಡೋಸ್ ಪಾರಾಯಿತು, ಟ್ಯಾಲಿಯೊಳಗೆ ಹುಡುಕಿ. ನಾಲ್ಕರಲ್ಲಿ ಎಲ್ಲಿ ನಿಂತಿತೋ ಅಲ್ಲೇ ಉತ್ತರ.

'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಕೊಟ್ಟರೆ ಸರಿಹೋಗುತ್ತದೆ ಎನ್ನುವವರು ಬಹಳ. ಅದು ಕ್ಲೈಂಟಿನ ಬಾಗಿಲಿನ ಬೀಗದ ಕೈ, ಸರ್ವರಿನದಲ್ಲ. ಮೇಲಾಗಿ ಹಾಗೆ ತೆರೆದಾಗ ಮ್ಯಾಪ್ ಮಾಡಿದ ಝಡ್ ಡ್ರೈವ್ ಕಾಣೆಯಾಗುತ್ತದೆ, ಏಕೆಂದರೆ ಅಡ್ಮಿನ್ ಹಕ್ಕಿನ ಸೆಷನ್‌ಗೆ ಸಾಮಾನ್ಯ ಸೆಷನ್ನಿನ ಮ್ಯಾಪಿಂಗ್ ಕಾಣುವುದಿಲ್ಲ. ಡೇಟಾ ಪಾತ್‌ನಲ್ಲಿ ಡ್ರೈವ್ ಅಕ್ಷರದ ಬದಲು ಸರ್ವರಿನ ಹೆಸರು, ಶೇರಿನ ಹೆಸರು ಇರುವ ಪೂರ್ಣ ವಿಳಾಸ ಕೊಟ್ಟರೆ ಈ ಗೋಜಿಲ್ಲ. ಹಳೆಯ 32 ಬಿಟ್ ಲೆಕ್ಕದ ಸಾಫ್ಟ್‌ವೇರ್‌ಗಳಲ್ಲಿ ಇನ್ನೂ ಒಂದು ಆಟ ಇದೆ: ಪ್ರೋಗ್ರಾಂ ಫೈಲ್ಸ್‌ನಲ್ಲಿ ಬರೆಯಲು ಹಕ್ಕಿಲ್ಲದಿದ್ದರೆ ವಿಂಡೋಸ್ ಸುಮ್ಮನೆ ಆ ಬಳಕೆದಾರರ ಆ್ಯಪ್‌ಡೇಟಾದೊಳಗಿನ ವರ್ಚುವಲ್‌ಸ್ಟೋರ್‌ನಲ್ಲಿ ಬರೆದುಬಿಡುತ್ತದೆ. ಒಬ್ಬರು ಹಾಕಿದ ಎಂಟ್ರಿ ಇನ್ನೊಬ್ಬರಿಗೆ ಕಾಣುವುದಿಲ್ಲ. ಎಂಟ್ರಿ ಕಳೆದುಹೋಯಿತು ಎಂದು ಮತ್ತೆ ಹಾಕುವ ಮೊದಲು ಅಲ್ಲಿ ನೋಡಿ.

ಟ್ಯಾಲಿಯ ಒಳಗೆ: ಆಲ್ಟ್ ಕೆ ಒತ್ತಿ ಯೂಸರ್ ರೋಲ್ಸ್, ಯೂಸರ್ಸ್ ಅಂಡ್ ಪಾಸ್‌ವರ್ಡ್ಸ್. ಡೇಟಾ ಎಂಟ್ರಿ ರೋಲನ್ನೇ ಆಧಾರವಾಗಿಟ್ಟು ಹೊಸ ರೋಲ್ ಮಾಡಿ. ಹಿಂದಿನ ತಾರೀಖಿನ ವೋಚರಿಗೆ ಎಷ್ಟು ದಿನ ಅವಕಾಶ ಎಂಬ ಅಂಕೆ ಇರುವುದೂ ರೋಲ್‌ನಲ್ಲೇ. 11ರ ಜಿಎಸ್‌ಟಿಆರ್-1, 20ರ 3ಬಿ ರಿಟರ್ನ್ ಹತ್ತಿರ ಬಂದಾಗ ಕಳೆದ ತಿಂಗಳ ಬಿಲ್ ತಿದ್ದಲಾಗದೆ ಬರುವ ಫೋನುಗಳ ಗುಟ್ಟು ಈ ಅಂಕೆ. ಆದರೆ ಇದು ಟ್ಯಾಲಿಯ ಒಳಗಿನ ಕಾವಲು ಮಾತ್ರ. ಮಾಡಿಫೈ ಹಕ್ಕಿರುವ ಯಾರೇ ಆಗಲಿ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಬಹುದು. ಡೇಟಾವನ್ನೇ ಗೂಢಲಿಪಿ ಮಾಡುವುದು ಟ್ಯಾಲಿವಾಲ್ಟ್. ಅದರ ಪಾಸ್‌ವರ್ಡ್ ಮರೆತರೆ ಮರಳಿ ತೆಗೆಯುವ ದಾರಿಯಿಲ್ಲ, ಬರೆದು ತಿಜೋರಿಯಲ್ಲಿಡಿ. ಕಂಪನಿ ಕಾಯ್ದೆಯಡಿ ಇರುವ ಸಂಸ್ಥೆಗಳಿಗೆ 2023ರ ಏಪ್ರಿಲ್ 1ರಿಂದ ತಿದ್ದುಪಡಿಯ ದಾಖಲೆ ಇಡುವ ಸಾಫ್ಟ್‌ವೇರ್ ಕಡ್ಡಾಯ. ನಾಲ್ವರೂ ಒಂದೇ ಹೆಸರಿನಲ್ಲಿ ಲಾಗಿನ್ ಆದರೆ ಆ ದಾಖಲೆಯಲ್ಲಿ ಯಾರು ತಿದ್ದಿದರೆಂದು ಹುಡುಕುವುದು ಹೇಗೆ?

ಪರ್ಮಿಶನ್ ಅಲ್ಲದೆ ಪರ್ಮಿಶನ್ನಿನ ವೇಷ ಹಾಕಿ ಬರುವವು ಎರಡು. ರೌಟರ್ ಬದಲಿಸಿದಾಗ ಸರ್ವರಿನ ನೆಟ್‌ವರ್ಕ್ ಪ್ರೊಫೈಲ್ 'ಪಬ್ಲಿಕ್' ಆಗಿ ಫೈಲ್ ಶೇರಿಂಗ್‌ನ ಪೋರ್ಟ್ 445 ಮುಚ್ಚಿಕೊಳ್ಳುತ್ತದೆ. ಪ್ರೈವೇಟ್ ಮಾಡಿ, ಸರ್ವರಿಗೆ ಸ್ಥಿರ ಐಪಿ ಕೊಡಿ. ಎರಡನೆಯದು ಹೆಸ್ಕಾಂ ಕರೆಂಟ್ ಹೋಗುವುದು. ಕ್ಲೈಂಟ್ ನಡುವೆಯೇ ಆರಿದರೂ ಸರ್ವರಿನ ಓಪನ್ ಫೈಲ್ಸ್ ಪಟ್ಟಿಯಲ್ಲಿ ಅದರ ಫೈಲ್ ತೆರೆದೇ ಇರುತ್ತದೆ, ಮರಳಿ ಬಂದವರಿಗೆ ಫೈಲ್ ಸಿಗುವುದಿಲ್ಲ. ಎಲ್ಲರೂ ಹೊರಬಂದ ಮೇಲೆ ಅದನ್ನು ಕ್ಲೋಸ್ ಮಾಡಿ. ಆಮೇಲೂ ಕಂಪನಿ ತೊಂದರೆ ಕೊಟ್ಟರೆ ಬ್ಯಾಕಪ್ ತೆಗೆದು ಆಲ್ಟ್ ವೈಯಿಂದ ರಿಪೇರ್. ಯುಪಿಎಸ್ ಸರ್ವರಿಗಷ್ಟೇ ಅಲ್ಲ, ಸ್ವಿಚ್ಚಿಗೂ ಬೇಕು.

ಬದಲಾವಣೆ ಮಾಡುವುದು ಅಂಗಡಿ ಮುಚ್ಚಿದ ಮೇಲೆಯೇ. ಬ್ಯಾಡಗಿ ಮೆಣಸಿನಕಾಯಿ ಸೀಸನ್ನಿನಲ್ಲಿ ಟೆಂಡರ್ ದಿನ ಹಗಲು ಸರ್ವರ್ ಮುಟ್ಟಿದರೆ ಬಿಲ್ಲಿಗೆ ಕಾಯುವವರ ಸಾಲು ಹೊರಗೆ ನಿಲ್ಲುತ್ತದೆ. ಮುಗಿದ ಮೇಲೆ ಸರ್ವರ್ ಮೊದಲು, ಕ್ಲೈಂಟ್ ಆಮೇಲೆ ರೀಸ್ಟಾರ್ಟ್ ಮಾಡಿ, ಪ್ರತಿಯೊಬ್ಬರ ಹೆಸರಿನಲ್ಲೂ ಒಂದು ರೂಪಾಯಿಯ ವೋಚರ್ ಹಾಕಿಸಿ ನೋಡುತ್ತೇನೆ. ಅವನ್ನು ಅಳಿಸುವುದು ಓನರ್ ಲಾಗಿನ್‌ನಿಂದ. ದಿವಾನಜಿಗೇ ಅಳಿಸಲು ಬಂದರೆ ರೋಲ್ ಇನ್ನೂ ಸರಿಯಾಗಿಲ್ಲ.