ಬೇಸ್‌ಬಾಲ್ ಅಂಪೈರಿಂಗ್: ನಾನು ಕಲಿತದ್ದು ಹೀಗೆ

ಮೊದಲ ಪಂದ್ಯದಲ್ಲಿ ನನ್ನನ್ನು ಕೆಡಿಸಿದ್ದು ಅವಸರ. ಚೆಂಡು ಕ್ಯಾಚರ್‌ನ (ವಿಕೆಟ್‌ಕೀಪರ್ ತರಹ ಬ್ಯಾಟರ್ ಹಿಂದೆ ಕೂರುವವನ) ಗ್ಲೌಸಿಗೆ ಬೀಳುವ ಮೊದಲೇ ಬಲಗೈ ಎತ್ತಿ ‘ಸ್ಟ್ರೈಕ್’, ಅಂದರೆ ಹೊಡೆಯಬಹುದಾಗಿದ್ದ ಸರಿಯಾದ ಎಸೆತ, ಅಂದುಬಿಟ್ಟೆ. ಚೆಂಡು ಕೊನೇ ಗಳಿಗೆಯಲ್ಲಿ ತಿರುಗಿ ಹೊರಗೆ ಹೋಯಿತು. ಬೇಲಿಯಾಚೆಯಿಂದ ಯಾರೋ ಒಬ್ಬ ಅಪ್ಪ ಕೂಗಾಡಿದ. ಅವನು ಕೂಗಿದ್ದು ಸರಿಯೇ ಬಿಡಿ.

ನಾನಿರುವುದು ನ್ಯೂಜೆರ್ಸಿಯಲ್ಲಿ. ಶನಿವಾರ, ಭಾನುವಾರ ಹದಿಮೂರು-ಹದಿನಾಲ್ಕರ ಹುಡುಗರ ಪಂದ್ಯಗಳಿಗೆ ಅಂಪೈರ್ ಆಗಿ ಹೋಗುತ್ತೇನೆ. ಬೆಳೆದದ್ದು ಮಾತ್ರ ಕ್ರಿಕೆಟ್ ನೋಡಿಕೊಂಡು. ಅಲ್ಲಿ ಎಲ್‌ಬಿಡಬ್ಲ್ಯೂ ಬೇಕಾದರೆ ಯಾರಾದರೂ ಕೇಳಬೇಕು, ಅಲ್ವಾ? ಇಲ್ಲಿ ಯಾರೂ ಕೇಳುವುದಿಲ್ಲ. ಬ್ಯಾಟರ್ ಬಿಟ್ಟ ಪ್ರತಿ ಎಸೆತಕ್ಕೂ ನಾನೇ ಬಾಯಿಬಿಡಬೇಕು.

ಹಿರಿಯ ಅಂಪೈರ್ ಒಬ್ಬರು ನನ್ನನ್ನು ತಿದ್ದಿದರು. ಕ್ಯಾಚರ್ ಮತ್ತು ಬ್ಯಾಟರ್ ನಡುವಿನ ಸಂದಿಯಲ್ಲಿ ನಿಲ್ಲಬೇಕು. ಗಲ್ಲ ಕ್ಯಾಚರ್‌ನ ತಲೆಗಿಂತ ಕೆಳಗಿಳಿಯಬಾರದು, ಇಳಿದರೆ ಮೊಣಕಾಲ ಹತ್ತಿರದ ಚೆಂಡು ಕಾಣುವುದಿಲ್ಲ. ತಲೆ ಅಲ್ಲಾಡಬಾರದು, ಕಣ್ಣು ಮಾತ್ರ ಚೆಂಡಿನ ಹಿಂದೆ ಹೋಗಬೇಕು. ಗ್ಲೌಸಿನ ಸದ್ದು ಕೇಳಿದ ಮೇಲೆ ಆ ಎಸೆತವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ನೋಡಿ, ಆಮೇಲೆ ಹೇಳಬೇಕು. ಬ್ಯಾಟರ್ ಪಕ್ಕ ನೆಲದಲ್ಲಿರುವ ಹಲಗೆ, ಹೋಮ್ ಪ್ಲೇಟ್, ಅದರ ಅಗಲ ಬರೀ 17 ಇಂಚು. ಚೆಂಡಿನ ಅಂಚು ಅದರ ಮೇಲೆ ಸವರಿಕೊಂಡು ಹೋದರೂ ಸ್ಟ್ರೈಕೇ, ಎತ್ತರ ಸರಿಯಿದ್ದರೆ. ಅವಸರಪಟ್ಟರೆ ಇದು ತಿಳಿಯುವುದಿಲ್ಲ.

ಪಂದ್ಯ ಇಲ್ಲದ ದಿನ ಚೆಂಡೆಸೆಯುವ ಪಿಚರ್‌ಗಳು ಅಭ್ಯಾಸ ಮಾಡುವಲ್ಲಿ ಹೋಗಿ ಸುಮ್ನೆ ಹಿಂದೆ ನಿಲ್ಲುತ್ತಿದ್ದೆ. ಜೋರಾಗಿ ಏನೂ ಹೇಳುತ್ತಿರಲಿಲ್ಲ, ಮನಸ್ಸಿನಲ್ಲೇ ಸ್ಟ್ರೈಕ್ ಎಣಿಸುತ್ತಿದ್ದೆ ಅಷ್ಟೆ. ನಿಜವಾಗಿ ಕಲಿತದ್ದು ಅಲ್ಲೇ. ಎದೆಗವಚ ಗಂಡಸರ ಅಳತೆಯದು, ಪಟ್ಟಿ ಎಷ್ಟು ಎಳೆದರೂ ಸರಿ ಕೂರದು. ಆ ಕತೆ ಬೇರೆ.

ನನಗಿಂತ ಮುಂಚೆ ಈ ಕೆಲಸಕ್ಕೆ ಇಳಿದ ಹೆಂಗಸರಲ್ಲಿ ಒಬ್ಬರು ಪ್ಯಾಮ್ ಪೊಸ್ಟೆಮಾ, 1977ರಿಂದ 1989ರವರೆಗೆ ಮೈನರ್ ಲೀಗ್‌ಗಳಲ್ಲಿ, ಅಂದರೆ ಮೇಜರ್ ಲೀಗ್‌ಗಿಂತ ಕೆಳಗಿನ ವೃತ್ತಿಪರ ಲೀಗ್‌ಗಳಲ್ಲಿ, ಅಂಪೈರ್ ಆಗಿದ್ದರು. ಅವುಗಳಲ್ಲಿ ಎಲ್ಲಕ್ಕಿಂತ ಮೇಲಿನ ಟ್ರಿಪಲ್-ಎ ತನಕ ಬಂದರು, ಮೇಜರ್ ಲೀಗ್ ಬಾಗಿಲು ತೆರೆಯಲಿಲ್ಲ. ನಮ್ಮ ನ್ಯೂಜೆರ್ಸಿಯ ಜೆನ್ ಪಾವೊಲ್ ಹಿಂದೆ ಚಿತ್ರಕಲೆ ಟೀಚರ್ ಆಗಿದ್ದವರು. 2016ರಲ್ಲಿ ಮೈನರ್ ಲೀಗ್ ಸೇರಿದರು, 2025ರ ಆಗಸ್ಟ್ 9ರಂದು ಅಟ್ಲಾಂಟದಲ್ಲಿ ಮೇಜರ್ ಲೀಗ್ ಪಂದ್ಯಕ್ಕೆ ಇಳಿದರು, ಆ ಮಟ್ಟದಲ್ಲಿ ಮೊದಲ ಮಹಿಳೆ. ಮಾರನೇ ದಿನ ಪ್ಲೇಟ್ ಹಿಂದೆ ನಿಂತರು. ಆ ಪಂದ್ಯವನ್ನು ನಾನು ಟಿವಿಯಲ್ಲಿ ನೋಡಿದೆ. ಸ್ಕೋರ್ ನೆನಪಿಲ್ಲ. ಚೆಂಡು ಬಿದ್ದ ಮೇಲೆ ಅವರು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಅನ್ನುವುದನ್ನೇ ನೋಡುತ್ತಾ ಕೂತಿದ್ದೆ.

ಮೊನ್ನೆ ಒಬ್ಬ ಕೋಚ್ ನನ್ನ ಮೇಲೆ ದೂರು ಹೇಳಿದನಂತೆ, ಈಯಮ್ಮ ತುಂಬಾ ನಿಧಾನ ಅಂತ.